ತೂಬು ಬೇರೆ, ಕೋಡಿ ಬೇರೆ: ಪವರ್ ಸಪ್ಲೈ ತನ್ನನ್ನು ತಾನು ಹೇಗೆ ಕಾಪಾಡಿಕೊಳ್ಳುತ್ತದೆ?

ತಂಗಿ ಮಗಳು ಡಿಪ್ಲೊಮಾ ಮುಗಿಸಿ ನರಸಾಪುರದ ಕಡೆ ಒಂದು ಫ್ಯಾಕ್ಟರಿಗೆ ಸೇರಿ ಎರಡು ವಾರ ಆಗಿತ್ತು. ಭಾನುವಾರ ಮನೆಗೆ ಬಂದವಳು ಕಾಫಿ ಲೋಟ ಕೆಳಗಿಡುವ ಮೊದಲೇ ಕೇಳಿದಳು. "ಮಾಮ, ನಮ್ಮ ಟೆಸ್ಟಿಂಗ್ ಟೇಬಲ್ ಮೇಲೆ ಒಂದು ಡಬ್ಬ ಇದೆ. ಆಗಾಗ ಕುಂಯ್ ಅಂತ ಕೂಗಿ ಆಫ್ ಆಗುತ್ತೆ. ಒಂದು ಸಲ ಓವಿಪಿ ಅಂತ ತೋರಿಸುತ್ತೆ, ಇನ್ನೊಂದು ಸಲ ಓಟಿಪಿ ಅಂತ. ಓಟಿಪಿ ಮೊಬೈಲಿಗೆ ಅಲ್ವಾ ಬರೋದು?"

ನಗು ಬಂತು. ಆದರೆ ಪ್ರಶ್ನೆ ಸರಿಯಾಗಿಯೇ ಇತ್ತು. ಕೋಲಾರ ಜಿಲ್ಲೆಗೆ ಕರೆಂಟ್ ಹೊಸದೇನಲ್ಲ. 1902ರಲ್ಲೇ ಶಿವನಸಮುದ್ರದಿಂದ ಕೆಜಿಎಫ್ ಗಣಿಗೆ ತಂತಿ ಎಳೆದಿದ್ದರು. ಈಗ ನರಸಾಪುರ, ವೇಮಗಲ್, ಮಾಲೂರು ಕಡೆಯ ಕಾರ್ಖಾನೆಗಳಿಗೆ ನಮ್ಮೂರುಗಳ ಹುಡುಗ ಹುಡುಗಿಯರು ದಿನಾ ಬಸ್ಸು ಹತ್ತುತ್ತಾರೆ. ಅಲ್ಲಿ ಎಷ್ಟೋ ಜನರ ಕೈಗೆ ಮೊದಲು ಸಿಗುವ ಯಂತ್ರವೇ ಈ ಡಬ್ಬ. ಅದರ ಹೆಸರು ಪ್ರೋಗ್ರಾಮೆಬಲ್ ಪವರ್ ಸಪ್ಲೈ. ಅದು ಯಾಕೆ ಕೂಗುತ್ತದೆ, ಯಾಕೆ ಆಫ್ ಆಗುತ್ತದೆ ಎಂದು ಅವಳಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ರಿಪೇರಿ ಅಂಗಡಿ ನಡೆಸುವವನು ನಾನು, ಹಾಗಾಗಿ ಉದಾಹರಣೆಗಳೂ ಅಂಗಡಿಯವೇ.

## ಅದು ಎಂಥ ಡಬ್ಬ?

ಮೊದಲು ಎರಡು ಪದ. ವೋಲ್ಟೇಜ್ ಅಂದರೆ ತಳ್ಳುವ ಬಲ. ಟ್ಯಾಂಕ್ ಎತ್ತರದಲ್ಲಿದ್ದಷ್ಟೂ ನಲ್ಲಿಯಲ್ಲಿ ನೀರು ಜೋರಾಗಿ ಬರುತ್ತದಲ್ಲ, ಹಾಗೆ. ಆಂಪ್ಸ್ ಅಂದರೆ ಎಷ್ಟು ಹರಿಯುತ್ತಿದೆ ಅನ್ನುವ ಲೆಕ್ಕ. ಪುಸ್ತಕದಲ್ಲಿ ಇದಕ್ಕೆ ಕರೆಂಟ್ ಅನ್ನುತ್ತಾರೆ. ಆದರೆ ನಮ್ಮಲ್ಲಿ "ಕರೆಂಟ್ ಹೋಯ್ತು" ಅಂದರೆ ಅರ್ಥವೇ ಬೇರೆ. ಅದಕ್ಕೇ ಬೋರ್‌ವೆಲ್ ಮೆಕ್ಯಾನಿಕ್‌ಗಳ ಹಾಗೆ ನಾನೂ ಆಂಪ್ಸ್ ಅಂತಲೇ ಬರೆಯುತ್ತೇನೆ.

ಗೋಡೆಯ ಪ್ಲಗ್ಗಿನಲ್ಲಿ ಬರುವುದು 230 ವೋಲ್ಟ್ ಎಸಿ, ಅಂದರೆ ಹಿಂದೆ ಮುಂದೆ ದಿಕ್ಕು ಬದಲಿಸುತ್ತಾ ಹರಿಯುವುದು. ಮೊಬೈಲ್ ಬೋರ್ಡಿಗೋ ಟಿವಿ ಬೋರ್ಡಿಗೋ ಬೇಕಾಗಿರುವುದು ಡಿಸಿ, ಅಂದರೆ ಒಂದೇ ದಿಕ್ಕಿಗೆ ಹರಿಯುವುದು, ಅದೂ 5 ಅಥವಾ 12 ವೋಲ್ಟ್‌ನಷ್ಟು ಚಿಕ್ಕದು. ಸಾಮಾನ್ಯ ಅಡಾಪ್ಟರ್ ಒಂದೇ ವೋಲ್ಟೇಜ್ ಕೊಡುತ್ತದೆ, ಅಷ್ಟಕ್ಕೇ ಅದರ ಕೆಲಸ ಮುಗಿಯಿತು. ಪ್ರೋಗ್ರಾಮೆಬಲ್ ಸಪ್ಲೈ ನಾವು ಹೇಳಿದ್ದನ್ನು ಕೇಳುತ್ತದೆ. "ಇಷ್ಟು ವೋಲ್ಟ್ ಕೊಡು, ಇಷ್ಟು ಆಂಪ್ಸ್ ಮೀರಬೇಡ" ಎಂದು ಕೀಪ್ಯಾಡಿನಲ್ಲಿ ಒತ್ತಬಹುದು, ಇಲ್ಲವೇ ಕಂಪ್ಯೂಟರಿನಿಂದ ಆಜ್ಞೆ ಕಳಿಸಬಹುದು. ರಿಪೇರಿ ಅಂಗಡಿಗಳಲ್ಲಿ ಸಾಮಾನ್ಯವಾಗಿ ಕಾಣುವುದು 30 ವೋಲ್ಟ್, 5 ಆಂಪ್ಸ್‌ನದು. ಫ್ಯಾಕ್ಟರಿಗಳಲ್ಲಿ ಇದಕ್ಕಿಂತ ದೊಡ್ಡವಿರುತ್ತವೆ.

ಒಳಗೆ ನಡೆಯುವುದು ಹೀಗೆ. 230 ವೋಲ್ಟ್ ಎಸಿಯನ್ನು ಮೊದಲು ಸುಮಾರು 325 ವೋಲ್ಟ್ ಡಿಸಿ ಮಾಡಿಕೊಳ್ಳುತ್ತದೆ. ಆಮೇಲೆ ಅದನ್ನು ಸೆಕೆಂಡಿಗೆ ಹತ್ತಾರು ಸಾವಿರ ಸಲ ಕತ್ತರಿಸುತ್ತದೆ. ತುಂಡುಗಳನ್ನು ಟ್ರಾನ್ಸ್‌ಫಾರ್ಮರ್ ಮೂಲಕ ಇಳಿಸಿ, ಮತ್ತೆ ಡಿಸಿ ಮಾಡಿ, ಚಾರ್ಜ್ ಹಿಡಿದಿಡುವ ಕೆಪಾಸಿಟರ್‌ಗಳಲ್ಲಿ ತುಂಬಿ, ಸಮ ಮಾಡಿ ಹೊರಗೆ ಬಿಡುತ್ತದೆ. ತುಂಡಿನ ಅಗಲ ಜಾಸ್ತಿ ಮಾಡಿದರೆ ಔಟ್‌ಪುಟ್ ಏರುತ್ತದೆ, ಕಡಿಮೆ ಮಾಡಿದರೆ ಇಳಿಯುತ್ತದೆ. ಕತ್ತರಿಸುವುದನ್ನೇ ನಿಲ್ಲಿಸಿದರೆ ಔಟ್‌ಪುಟ್ಟೇ ಇಲ್ಲ. ಮುಂದೆ "ಕಟ್ ಆಗುತ್ತದೆ" ಎಂದು ಬರೆದಾಗಲೆಲ್ಲ ಹೆಚ್ಚಾಗಿ ಈ ಕತ್ತರಿ ನಿಂತಿತು ಎಂದೇ ಅರ್ಥ.

## ಸಿವಿ, ಸಿಸಿ ಎಂಬ ಎರಡು ದೀಪ

ಮುಂಭಾಗದಲ್ಲಿ ಎರಡು ಚಿಕ್ಕ ದೀಪಗಳಿರುತ್ತವೆ. ಸಿವಿ (ಕಾನ್‌ಸ್ಟಂಟ್ ವೋಲ್ಟೇಜ್) ಉರಿಯುತ್ತಿದ್ದರೆ ಸಪ್ಲೈ ವೋಲ್ಟೇಜನ್ನು ಹಿಡಿದು ನಿಲ್ಲಿಸಿದೆ ಎಂದರ್ಥ. ಸಿಸಿ (ಕಾನ್‌ಸ್ಟಂಟ್ ಕರೆಂಟ್) ಉರಿದರೆ, ಬೋರ್ಡು ಕೇಳುತ್ತಿರುವ ಆಂಪ್ಸ್ ನಾವು ಇಟ್ಟ ಮಿತಿ ಮುಟ್ಟಿದೆ, ಸಪ್ಲೈ ಅಷ್ಟಕ್ಕೇ ಹಿಡಿದುಕೊಂಡು ವೋಲ್ಟೇಜನ್ನು ಇಳಿಸುತ್ತಿದೆ ಎಂದು.

ಸಿಸಿ ಬಂದ ಕೂಡಲೇ ಏನೋ ಕೆಟ್ಟಿತು ಎಂದು ಹೊಸಬರು ಗಾಬರಿ ಬೀಳುತ್ತಾರೆ. ಹಾಗೇನಿಲ್ಲ. ಬ್ಯಾಟರಿ ಚಾರ್ಜ್ ಮಾಡುವಾಗ ಸಿಸಿಯೇ ಬೇಕು. ನಾವು ರಿಪೇರಿಯವರು ಶಾರ್ಟ್ ಹುಡುಕುವುದೂ ಸಿಸಿಯಿಂದಲೇ. ಸತ್ತ ಮೊಬೈಲ್ ಬೋರ್ಡಿಗೆ 1 ವೋಲ್ಟ್, 1 ಆಂಪ್ಸ್ ಇಟ್ಟು ತಂತಿ ಮುಟ್ಟಿಸುತ್ತೇವೆ. ಬೋರ್ಡಿನ ಮೇಲೆ ಬೆಸುಗೆಗೆ ಬಳಸುವ ರೋಸಿನ್ ಎಂಬ ರಾಳದ ಹೊಗೆಯನ್ನು ತೆಳ್ಳಗೆ ಹಿಡಿಸಿರುತ್ತೇವೆ, ಅದು ಬಿಳಿ ಪುಡಿಯಾಗಿ ಕೂರುತ್ತದೆ. ಶಾರ್ಟ್ ಆದ ಕೆಪಾಸಿಟರ್ ಬಿಸಿಯಾಗಿ, ಅದರ ಮೇಲಿನ ಬಿಳಿ ಪುಡಿ ಮಾತ್ರ ಕರಗಿ ಕಾಣಿಸುತ್ತದೆ. ಕಳ್ಳ ಸಿಕ್ಕ.

ಅಂದರೆ ಸಿವಿ, ಸಿಸಿ ಎರಡೂ ದಿನನಿತ್ಯದ ಆಡಳಿತ. ಇನ್ನೂ ಯಾರೂ ತಪ್ಪು ಮಾಡಿಲ್ಲ.

## ಅಳೆಯದೆ ಗೊತ್ತಾಗುವುದು ಹೇಗೆ?

ತಪ್ಪು ಕಂಡುಹಿಡಿಯಬೇಕಾದರೆ ಮೊದಲು ಅಳೆಯಬೇಕು. ವೋಲ್ಟೇಜ್ ಅಳೆಯುವುದು ಸುಲಭ. 60 ವೋಲ್ಟ್ ಇದ್ದರೆ ರೆಸಿಸ್ಟರ್ ಎಂಬ ಎರಡು ತಡೆಗಳಿಂದ ಅದರ ಇಪ್ಪತ್ತನೇ ಒಂದು ಪಾಲು, ಅಂದರೆ 3 ವೋಲ್ಟ್ ಮಾತ್ರ ತೆಗೆದು ಒಳಗಿನ ಚಿಪ್ಪಿಗೆ ತೋರಿಸುತ್ತಾರೆ. ಅನ್ನ ಬೆಂದಿದೆಯಾ ಎಂದು ಒಂದಗುಳು ಹಿಸುಕಿ ನೋಡಿದ ಹಾಗೆ.

ಆಂಪ್ಸ್ ಅಳೆಯುವುದು ಇನ್ನೂ ಚೆನ್ನಾಗಿದೆ. ಹರಿಯುವ ದಾರಿಯಲ್ಲೇ ಶಂಟ್ ಎಂಬ ಒಂದು ಚಿಕ್ಕ ತಡೆ ಇಡುತ್ತಾರೆ. ಎಷ್ಟು ಚಿಕ್ಕದು ಅಂದರೆ ಒಂದು ಓಮ್‌ನ ನೂರನೇ ಒಂದು ಭಾಗ. ಅದರಲ್ಲಿ 5 ಆಂಪ್ಸ್ ಹರಿದಾಗ ಎರಡು ತುದಿಗಳ ನಡುವೆ 50 ಮಿಲಿವೋಲ್ಟ್ ಹುಟ್ಟುತ್ತದೆ. ಶಂಟ್ ಬಿಸಿಯಾಗಿ ಹಾಳಾಗುವುದು ಕಾಲು ವ್ಯಾಟ್ ಮಾತ್ರ. ಆ 50 ಮಿಲಿವೋಲ್ಟನ್ನು ದೊಡ್ಡದು ಮಾಡಿ ನೋಡಿದರೆ ಆಂಪ್ಸ್ ಗೊತ್ತಾಯಿತು.

ಬಿಸಿ ಅಳೆಯಲು ಹೀಟ್ ಸಿಂಕ್‌ಗೆ, ಅಂದರೆ ಬಿಸಿಯನ್ನು ಹೊರಹಾಕುವ ಲೋಹದ ತುಂಡಿಗೆ, ಅಂಟಿಸಿದ ಥರ್ಮಿಸ್ಟರ್ ಇರುತ್ತದೆ. ಬಿಸಿ ಏರಿದಂತೆ ಅದರ ತಡೆ ಇಳಿಯುತ್ತದೆ. ಎಷ್ಟೋ ಸಪ್ಲೈಗಳಲ್ಲಿ ಫ್ಯಾನ್ ಕೂಡ ತಾನು ಎಷ್ಟು ಸಲ ಸುತ್ತುತ್ತಿದ್ದೇನೆ ಎಂದು ಒಂದು ತಂತಿಯಲ್ಲಿ ವರದಿ ಕೊಡುತ್ತದೆ.

## ನೀರುಗಂಟಿ ಮಲಗಿದರೂ ಕೋಡಿ ಹರಿಯುತ್ತದೆ

ಈ ಲೇಖನದಲ್ಲಿ ಒಂದೇ ವಿಷಯ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ.

ನಮ್ಮ ಕಡೆ ಕೆರೆಗೆ ತೂಬೂ ಇರುತ್ತದೆ, ಕೋಡಿಯೂ ಇರುತ್ತದೆ. ತೂಬಿನಿಂದ ಗದ್ದೆಗೆ ಎಷ್ಟು ನೀರು ಬಿಡಬೇಕು ಎಂದು ನೋಡಿಕೊಳ್ಳುವವನು ನೀರುಗಂಟಿ. ಬುದ್ಧಿವಂತ, ಲೆಕ್ಕ ಗೊತ್ತಿರುವವನು. ಆದರೆ ಅವನೂ ಮನುಷ್ಯ. ಹಬ್ಬಕ್ಕೆ ಊರಿಗೆ ಹೋಗಬಹುದು, ನಿದ್ದೆ ಹೋಗಬಹುದು. ರಾತ್ರಿ ಇದ್ದಕ್ಕಿದ್ದಂತೆ ಮಳೆ ಹೊಡೆದರೆ ಏರಿ ಒಡೆಯದಂತೆ ಕಾಯುವುದು ಕೋಡಿ. ಅದು ಬರೀ ಒಂದು ಎತ್ತರಕ್ಕೆ ಕಟ್ಟಿದ ಕಲ್ಲು. ನೀರು ಆ ಮಟ್ಟ ದಾಟಿದರೆ ಹರಿಯುತ್ತದೆ. ಯಾರನ್ನೂ ಕೇಳುವುದಿಲ್ಲ.

ಪವರ್ ಸಪ್ಲೈ ಒಳಗೂ ಹೀಗೇ ಎರಡು ಪದರ. ಮೈಕ್ರೊಕಂಟ್ರೋಲರ್ ಎಂಬ ಚಿಪ್ಪು ನೀರುಗಂಟಿ. ಅದು ಅಳತೆಗಳನ್ನು ಓದಿ, ನಾವು ಕೊಟ್ಟ ಮಿತಿಗಳ ಜೊತೆ ಹೋಲಿಸಿ, ಡಿಸ್ಪ್ಲೇಗೆ ಬರೆದು, ಕಂಪ್ಯೂಟರಿಗೆ ಉತ್ತರ ಕೊಟ್ಟು, ಮತ್ತೆ ಓದುತ್ತದೆ. ಈ ಸುತ್ತಿಗೆ ಕೆಲವು ಮಿಲಿಸೆಕೆಂಡ್ ಹಿಡಿಯುತ್ತದೆ. ನಮಗೆ ಕಣ್ಣು ಮಿಟುಕಿಸುವಷ್ಟೂ ಅಲ್ಲ. ಆದರೆ ಒಂದು ಸೂಕ್ಷ್ಮ ಚಿಪ್ಪು ಸುಟ್ಟುಹೋಗಲು ಅಷ್ಟು ಹೊತ್ತು ಬೇಕಾಗುವುದಿಲ್ಲ.

ಕೋಡಿಯ ಕೆಲಸ ಮಾಡುವುದು ಕಂಪ್ಯಾರೇಟರ್. ಅದಕ್ಕೆ ಎರಡು ಕಾಲುಗಳಿವೆ. ಒಂದಕ್ಕೆ ಮಿತಿ, ಇನ್ನೊಂದಕ್ಕೆ ಈಗಿನ ಅಳತೆ. ಅಳತೆ ಮಿತಿಯನ್ನು ದಾಟಿದ ಕೂಡಲೇ ಅದರ ಔಟ್‌ಪುಟ್ ಮಗುಚುತ್ತದೆ, ನೇರವಾಗಿ ಹೋಗಿ ಕತ್ತರಿಯನ್ನು ನಿಲ್ಲಿಸುತ್ತದೆ. ಪ್ರೋಗ್ರಾಂ ಇಲ್ಲ, ಯೋಚನೆ ಇಲ್ಲ. ಸೆಕೆಂಡಿನ ಹತ್ತು ಲಕ್ಷದ ಒಂದು ಭಾಗಕ್ಕೆ ಮೈಕ್ರೊಸೆಕೆಂಡ್ ಅನ್ನುತ್ತಾರೆ. ಕಂಪ್ಯಾರೇಟರ್ ಕೆಲಸ ಮಾಡುವುದು ಆ ಲೆಕ್ಕದಲ್ಲಿ. ಆಮೇಲೆ ನಿಧಾನವಾಗಿ ನೀರುಗಂಟಿ ಎದ್ದು ಬಂದು "ಓವಿಪಿ" ಎಂದು ಡಿಸ್ಪ್ಲೇಯಲ್ಲಿ ಬರೆಯುತ್ತಾನೆ.

## ಓವಿಪಿ: ಒಂದು ಚುಕ್ಕಿ ಮರೆತ ದಿನ

ಓವಿಪಿ ಅಂದರೆ ಓವರ್ ವೋಲ್ಟೇಜ್ ಪ್ರೊಟೆಕ್ಷನ್. ವೋಲ್ಟೇಜ್ ಮಿತಿ ಮೀರಿದರೆ ಕಟ್.

ನನ್ನ ಬಳಿ ಬೆಂಗಳೂರಿನ ಎಸ್.ಪಿ. ರೋಡಿನಿಂದ ತಂದ ಒಂದು ಹಳೇ 60 ವೋಲ್ಟ್ ಸಪ್ಲೈ ಇದೆ. ಒಂದು ಸಂಜೆ ಪಕ್ಕದ ಹಳ್ಳಿಯ ಹಾಲಿನ ಡೇರಿಯವರು ಫ್ಯಾಟ್ ನೋಡುವ ಮಷಿನ್ನಿನ ಬೋರ್ಡು ತಂದಿದ್ದರು. ಹಾಲು ಹಾಕುವ ಹೊತ್ತಾಗುತ್ತಿತ್ತು. ಸೆಕ್ರೆಟರಿ ಗಡಿಯಾರ ನೋಡುತ್ತಾ ತಲೆ ಮೇಲೆಯೇ ನಿಂತಿದ್ದರು. ಬೋರ್ಡಿಗೆ ಬೇಕಾದದ್ದು 5.0 ವೋಲ್ಟ್. ನಾನು ಅವಸರದಲ್ಲಿ 5 ಒತ್ತಿದೆ, ಚುಕ್ಕಿ ಬಿಟ್ಟೆ, 0 ಒತ್ತಿ ಎಂಟರ್ ಕೊಟ್ಟೆ. ಐವತ್ತು ವೋಲ್ಟ್!

ಕುಂಯ್ ಎಂದಿತು. ಕೆಂಪು ದೀಪ. ಎದೆ ಧಸಕ್ಕೆಂದಿತು. ಆದರೆ ಬೋರ್ಡಿಗೆ ಏನೂ ಆಗಿರಲಿಲ್ಲ. ಅಭ್ಯಾಸಬಲದಿಂದ ಬೆಳಿಗ್ಗೆಯೇ ಓವಿಪಿಯನ್ನು 5.5ಕ್ಕೆ ಇಟ್ಟಿದ್ದೆ. ವೋಲ್ಟೇಜ್ 5ರಿಂದ 50ಕ್ಕೆ ಒಮ್ಮೆಲೇ ಹಾರುವುದಿಲ್ಲ. ಔಟ್‌ಪುಟ್ ಕೆಪಾಸಿಟರ್‌ಗಳು ತುಂಬುತ್ತಾ ಏರಬೇಕು. ಅದು ಏರುತ್ತಾ 5.5 ಮುಟ್ಟಿದಾಗಲೇ ಕಂಪ್ಯಾರೇಟರ್ ಹಿಡಿಯಿತು. ಕತ್ತರಿ ನಿಂತಿತು. ಒಳಗೆ ಉಳಿದ ಚಾರ್ಜನ್ನು ಇನ್ನೊಂದು ಸರ್ಕ್ಯೂಟ್ ಎಳೆದು ಖಾಲಿ ಮಾಡಿತು. ಸೆಕ್ರೆಟರಿಗೆ ನಾನು ಏನೂ ಹೇಳಲಿಲ್ಲ ಅನ್ನುವುದು ಬೇರೆ ಮಾತು.

ಓವಿಪಿಯನ್ನು ಬೇಕಾದ ವೋಲ್ಟೇಜಿಗಿಂತ ಹತ್ತು ಪರ್ಸೆಂಟ್ ಮೇಲಿಡುವುದು ನನ್ನ ರೂಢಿ. ತೀರಾ ಹತ್ತಿರ ಇಟ್ಟರೆ ಚಿಕ್ಕ ಏರಿಳಿತಕ್ಕೂ ಸುಮ್ನೆ ಟ್ರಿಪ್ ಆಗುತ್ತದೆ. ತೀರಾ ದೂರ ಇಟ್ಟರೆ ಇಟ್ಟೂ ಪ್ರಯೋಜನವಿಲ್ಲ. ಇನ್ನೊಂದು ಮಾತು. ಓವಿಪಿ ಬಂತು ಅಂದರೆ ಸಪ್ಲೈಯೇ ತಪ್ಪು ಮಾಡಿತು ಎಂದಲ್ಲ. ಮೋಟರ್ ಓಡಿಸಿ ಬ್ರೇಕ್ ಹಾಕಿದರೆ ಅದು ಡೈನಮೋ ಆಗಿ ಸಪ್ಲೈ ಕಡೆಗೇ ವಾಪಸ್ ತಳ್ಳುತ್ತದೆ. ಆಗಲೂ ಓವಿಪಿ ಹೊಡೆಯುತ್ತದೆ.

## ಕತ್ತರಿಯೇ ಕೆಟ್ಟರೆ?

ಹಳೇ ತರದ ಲೀನಿಯರ್ ಸಪ್ಲೈಗಳಲ್ಲಿ ಕತ್ತರಿಸುವ ಕೆಲಸ ಇಲ್ಲ. ಒಳಗಿನ ಹೆಚ್ಚು ವೋಲ್ಟೇಜನ್ನು ಒಂದು ದೊಡ್ಡ ಟ್ರಾನ್ಸಿಸ್ಟರ್ ತಡೆದು, ಬೇಕಾದಷ್ಟೇ ಹೊರಗೆ ಬಿಡುತ್ತದೆ. ಈ ಟ್ರಾನ್ಸಿಸ್ಟರ್ ಸುಟ್ಟಾಗ ಹೆಚ್ಚಾಗಿ ಶಾರ್ಟ್ ಆಗುತ್ತದೆ. ಅಂದರೆ ಬಾಗಿಲು ಕಾಯುವವನೇ ಬಿದ್ದುಹೋದ, ಬಾಗಿಲು ತೆರೆದೇ ಇದೆ. ಇನ್ನು "ಆಫ್ ಆಗು" ಎಂದು ಯಾರಿಗೆ ಹೇಳುವುದು?

ಇದಕ್ಕೆ ಒಂದು ಒರಟು ಉಪಾಯವಿದೆ. ಅದರ ಹೆಸರೇ ಕ್ರೋಬಾರ್, ಅಂದರೆ ಹಾರೆ. ಔಟ್‌ಪುಟ್‌ನ ಪ್ಲಸ್ಸು ಮೈನಸ್ಸಿಗೆ ಅಡ್ಡಲಾಗಿ ಕಬ್ಬಿಣದ ಹಾರೆ ಎಸೆದರೆ ಏನಾಗುತ್ತದೋ ಅದನ್ನೇ ಎಸ್‌ಸಿಆರ್ ಎಂಬ ಭಾಗ ಮಾಡುತ್ತದೆ. ವೋಲ್ಟೇಜ್ ಮಿತಿ ಮೀರಿದ ಕೂಡಲೇ ಎರಡೂ ತುದಿಗಳನ್ನು ಬೇಕೆಂದೇ ಶಾರ್ಟ್ ಮಾಡುತ್ತದೆ. ವೋಲ್ಟೇಜ್ ಧಡ್ ಎಂದು ಬೀಳುತ್ತದೆ. ಸಪ್ಲೈ ಒಳಗಿನ ಫ್ಯೂಸ್ ಹಾರುತ್ತದೆ. ಹತ್ತಿಪ್ಪತ್ತು ರೂಪಾಯಿಯ ಫ್ಯೂಸ್ ಹೋಯಿತು, ಸಾವಿರಾರು ರೂಪಾಯಿಯ ಬೋರ್ಡು ಉಳಿಯಿತು. ಎಸ್‌ಸಿಆರ್ ಒಂದು ಸಲ ಹಿಡಿದರೆ ಹರಿವು ನಿಲ್ಲುವ ತನಕ ತಾನಾಗಿ ಬಿಡುವುದಿಲ್ಲ, ಹಾಗಾಗಿ ಮಧ್ಯದಲ್ಲಿ ಮನಸ್ಸು ಬದಲಾಯಿಸುವ ಭಯವಿಲ್ಲ.

## ಓಸಿಪಿ ಯಾಕೆ ಸ್ವಲ್ಪ ಕಾಯುತ್ತದೆ

ಓಸಿಪಿ ಅಂದರೆ ಓವರ್ ಕರೆಂಟ್ ಪ್ರೊಟೆಕ್ಷನ್. ಸಿಸಿಗೂ ಇದಕ್ಕೂ ವ್ಯತ್ಯಾಸ ಇಷ್ಟೇ. ಸಿಸಿ ಮಿತಿಯಲ್ಲಿ ಹಿಡಿದುಕೊಂಡು ಕೊಡುತ್ತಲೇ ಇರುತ್ತದೆ, ಓಸಿಪಿ ಪೂರ್ತಿ ಕಟ್ ಮಾಡುತ್ತದೆ. ಎಲ್ಲೋ ಸುಡುತ್ತಿರುವ ಬೋರ್ಡಿಗೆ "ಮಿತಿಯಲ್ಲಿ" 2 ಆಂಪ್ಸ್ ಕೊಡುತ್ತಾ ಕೂತರೆ ಅದು ಮಿತಿಯಲ್ಲೇ ಸುಟ್ಟು ಹೋಗುತ್ತದೆ!

ಆದರೆ ಮಿತಿ ಮೀರಿದ ಕೂಡಲೇ ಕಟ್ ಮಾಡುವುದೂ ತೊಂದರೆ. ಬೋರ್‌ವೆಲ್ ಮೋಟರ್ ಇರುವವರಿಗೆ ಇದು ಗೊತ್ತು. ಸ್ಟಾರ್ಟರ್ ಒತ್ತಿದಾಗ ಆಂಪ್ಸ್ ಮುಳ್ಳು ಒಮ್ಮೆ ಮೇಲಕ್ಕೆ ಹಾರಿ ಆಮೇಲೆ ಇಳಿಯುತ್ತದೆ. ಆ ಹಾರಿಕೆಗೆಲ್ಲ ಓವರ್‌ಲೋಡ್ ರಿಲೇ ಬಿದ್ದರೆ ಮೋಟರ್ ಯಾವತ್ತೂ ಓಡುವುದಿಲ್ಲ. ಬೋರ್ಡುಗಳಲ್ಲೂ ಹಾಗೆಯೇ. ಖಾಲಿ ಕೆಪಾಸಿಟರ್ ತುಂಬುವ ಮೊದಲ ಕ್ಷಣದಲ್ಲಿ ಶಾರ್ಟ್ ತರವೇ ಕಾಣುತ್ತದೆ. ಅದಕ್ಕೇ ಓಸಿಪಿಗೆ ಡಿಲೇ ಇಡುವ ಅವಕಾಶ ಇರುತ್ತದೆ. "ಇಷ್ಟು ಮಿಲಿಸೆಕೆಂಡ್ ಆದಮೇಲೂ ಜಾಸ್ತಿಯೇ ಇದ್ದರೆ ಕಟ್ ಮಾಡು" ಎಂದು. ಓವಿಪಿಗೆ ಇಷ್ಟು ತಾಳ್ಮೆ ಯಾರೂ ಕೊಡುವುದಿಲ್ಲ. ಜಾಸ್ತಿ ಆಂಪ್ಸ್ ಬಿಸಿ ಮಾಡಿ ಕೊಲ್ಲುತ್ತದೆ, ಬಿಸಿಯಾಗಲು ಸಮಯ ಬೇಕು. ಜಾಸ್ತಿ ವೋಲ್ಟೇಜ್ ಚಿಪ್ಪಿನೊಳಗಿನ ತೆಳು ಪದರವನ್ನು ಒಂದೇ ಏಟಿಗೆ ತೂತು ಮಾಡುತ್ತದೆ.

## ಲೋ ವೋಲ್ಟೇಜಿನ ಸಂಜೆ

ತೊಂದರೆ ಬೋರ್ಡಿನ ಕಡೆಯಿಂದಲೇ ಬರಬೇಕೆಂದಿಲ್ಲ, ಪ್ಲಗ್ಗಿನ ಕಡೆಯಿಂದಲೂ ಬರುತ್ತದೆ. ಊರಿಗೆಲ್ಲ ತ್ರೀ ಫೇಸ್ ಕೊಟ್ಟ ಹೊತ್ತಿನಲ್ಲಿ ಪಂಪ್‌ಸೆಟ್‌ಗಳು ಒಟ್ಟಿಗೆ ಓಡಿದರೆ ಮನೆಯ ವೋಲ್ಟೇಜ್ ಕುಸಿಯುತ್ತದೆ. ಹಳೇ ಬಲ್ಬು ಆಗ ಮಂಕಾಗಿ, ಆಂಪ್ಸ್ ಕೂಡ ಕಡಿಮೆ ತಗೊಳ್ಳುತ್ತಿತ್ತು. ಈ ಸಪ್ಲೈ ಉಲ್ಟಾ. ಔಟ್‌ಪುಟ್ ಬಿಟ್ಟುಕೊಡಬಾರದು ಎಂಬ ಹಟದಲ್ಲಿ ಇನ್ನೂ ಜಾಸ್ತಿ ಎಳೆಯುತ್ತದೆ. ಲೆಕ್ಕ ನೋಡಿ: 460 ವ್ಯಾಟ್ ಎಳೆಯುವ ಸಪ್ಲೈ 230 ವೋಲ್ಟ್‌ನಲ್ಲಿ ಸುಮಾರು 2 ಆಂಪ್ಸ್ ತಗೊಂಡರೆ, 160 ವೋಲ್ಟ್‌ನಲ್ಲಿ ಹತ್ತಿರ ಹತ್ತಿರ 2.9 ಆಂಪ್ಸ್ ತಗೊಳ್ಳುತ್ತದೆ. ಒಳಗಿನ ಭಾಗಗಳು ಬೇಯುತ್ತವೆ.

ಅದಕ್ಕೇ ಒಂದು ಮಟ್ಟಕ್ಕಿಂತ ಕೆಳಗೆ ಹೋದರೆ ತಾನೇ ನಿಂತುಬಿಡುತ್ತದೆ. ಮತ್ತೆ ಶುರುವಾಗುವುದು ಆ ಮಟ್ಟಕ್ಕಿಂತ ಸ್ವಲ್ಪ ಮೇಲೆ ಬಂದಾಗ ಮಾತ್ರ. ಈ ನಡುವಿನ ಅಂತರ ಇಲ್ಲದಿದ್ದರೆ ಗಡಿಯಲ್ಲೇ ಆನ್, ಆಫ್, ಆನ್, ಆಫ್ ಎಂದು ಒದ್ದಾಡುತ್ತಿತ್ತು. ಟ್ಯಾಂಕ್ ತುಂಬಿದಾಗ ನಿಂತ ಆಟೋಮ್ಯಾಟಿಕ್ ಮೋಟರ್ ಒಂದು ಚೊಂಬು ನೀರು ಖರ್ಚಾದ ತಕ್ಷಣ ಮತ್ತೆ ಓಡುವುದಿಲ್ಲವಲ್ಲ, ಅದೇ ಉಪಾಯ.

## ಸೆನ್ಸ್ ತಂತಿ ಬಿದ್ದುಹೋದರೆ

ಸಪ್ಲೈಯಿಂದ ಬೋರ್ಡಿಗೆ ಹೋಗುವ ತಂತಿಯೂ ಒಂದಿಷ್ಟು ತಿನ್ನುತ್ತದೆ. ಹೋಗಿ ಬರುವ ತಂತಿಯ ತಡೆ 0.1 ಓಮ್ ಇದ್ದು 5 ಆಂಪ್ಸ್ ಹರಿದರೆ ದಾರಿಯಲ್ಲೇ ಅರ್ಧ ವೋಲ್ಟ್ ಮಾಯ. 5 ವೋಲ್ಟ್ ಕಳಿಸಿದರೆ ತಲುಪುವುದು 4.5. ಇದನ್ನು ಸರಿಪಡಿಸಲು ಎರಡು ಸಣ್ಣ ಸೆನ್ಸ್ ತಂತಿಗಳು ಬೋರ್ಡಿನ ಹತ್ತಿರವೇ ಅಳೆದು ಸುದ್ದಿ ಕೊಡುತ್ತವೆ. ಸಪ್ಲೈ ಅಷ್ಟು ಹೆಚ್ಚಿಗೆ ಕಳಿಸುತ್ತದೆ.

ತೋಟದ ಕೊನೆಯಲ್ಲಿ ನಿಂತವನು ಫೋನಿನಲ್ಲಿ "ನೀರು ಸಾಲದು, ಇನ್ನೂ ತಿರುಗಿಸು" ಎನ್ನುತ್ತಾನೆ, ಗೇಟ್‌ವಾಲ್ವ್ ಹತ್ತಿರ ಇರುವವನು ತಿರುಗಿಸುತ್ತಾನೆ. ಮಧ್ಯದಲ್ಲಿ ಫೋನ್ ಕಟ್ ಆದರೆ? ಮೌನವನ್ನೇ "ನೀರು ಬಂದಿಲ್ಲ" ಎಂದು ತಿಳಿದು ತಿರುಗಿಸುತ್ತಲೇ ಹೋದರೆ ಪೈಪು ಕಿತ್ತುಕೊಳ್ಳುತ್ತದೆ. ಸೆನ್ಸ್ ತಂತಿ ಕಳಚಿದಾಗಲೂ ಸಪ್ಲೈಗೆ ಸೊನ್ನೆ ವೋಲ್ಟ್ ಎಂದೇ ಕಾಣಬಹುದು. ಹಾಗಾಗಬಾರದೆಂದು ಎಷ್ಟೋ ಸಪ್ಲೈಗಳಲ್ಲಿ ಔಟ್‌ಪುಟ್ ತುದಿಗೂ ಸೆನ್ಸ್ ತುದಿಗೂ ಒಳಗೇ ಒಂದು ರೆಸಿಸ್ಟರ್ ಜೋಡಿಸಿರುತ್ತಾರೆ. ಹೊರಗಿನ ತಂತಿ ಬಿದ್ದರೂ ಒಳಗಿನ ಅಳತೆ ಸಿಗುತ್ತದೆ.

## ಸೀಟಿ ಕೇಳಿಸದಿದ್ದರೆ

ನೀರುಗಂಟಿ ನಿದ್ದೆ ಹೋದದ್ದು ಗೊತ್ತಾಗುವುದಾದರೂ ಹೇಗೆ? ಅದಕ್ಕೆ ವಾಚ್‌ಡಾಗ್ ಎಂಬ ಗಡಿಯಾರ ಇದೆ. ರಾತ್ರಿ ಗೂರ್ಖಾ ಬೀದಿ ಸುತ್ತುತ್ತಾ ಸೀಟಿ ಊದುತ್ತಾನಲ್ಲ, ಹಾಗೆ ಪ್ರೋಗ್ರಾಂ ಆಗಾಗ "ಎಚ್ಚರ ಇದ್ದೇನೆ" ಎಂದು ಈ ಗಡಿಯಾರಕ್ಕೆ ಹೇಳುತ್ತಿರಬೇಕು. ಸದ್ದು ನಿಂತರೆ ಅದು ಚಿಪ್ಪನ್ನು ರೀಸೆಟ್ ಮಾಡುತ್ತದೆ.

ಕಂಪ್ಯೂಟರಿನಿಂದ ನಡೆಸುವ ಸಪ್ಲೈಗಳಲ್ಲಿ ಇನ್ನೊಂದು ವಾಚ್‌ಡಾಗ್ ಇರುವುದುಂಟು. ಇಂತಿಷ್ಟು ಸೆಕೆಂಡ್ ಕಂಪ್ಯೂಟರಿಂದ ಮಾತೇ ಬರದಿದ್ದರೆ ಔಟ್‌ಪುಟ್ ಆಫ್. ಕಂಪ್ಯೂಟರೂ ಸಪ್ಲೈಯೂ ಮಾತಾಡಲು ಬಳಸುವ ಎಸ್‌ಸಿಪಿಐ ಎಂಬ ಆಜ್ಞೆಗಳ ಪದ್ಧತಿ 1990ರಲ್ಲಿ ಬಂತು. ಯಾವ ಕಂಪನಿಯ ಸಪ್ಲೈ ಆದರೂ "ಯಾಕೆ ಟ್ರಿಪ್ ಆದೆ?" ಎಂದು ಕೇಳುವುದು ಅದರಿಂದ ಬಹಳ ಮಟ್ಟಿಗೆ ಒಂದೇ ತರ ಆಗಿದೆ.

## ಟ್ರಿಪ್ ಆದಮೇಲೆ

ಕಟ್ ಆದ ಸಪ್ಲೈ ತಾನಾಗಿ ಮತ್ತೆ ಶುರುವಾಗಬೇಕೇ? ಚಿಕ್ಕ ಅಡಾಪ್ಟರ್‌ಗಳು ಬಿಕ್ಕಳಿಸಿದ ಹಾಗೆ ಮತ್ತೆ ಮತ್ತೆ ಪ್ರಯತ್ನಿಸುತ್ತವೆ. ಟೇಬಲ್ ಮೇಲಿನ ಸಪ್ಲೈ ಓವಿಪಿ, ಓಸಿಪಿಗಳಲ್ಲಿ ಸಾಮಾನ್ಯವಾಗಿ ಲ್ಯಾಚ್ ಆಗುತ್ತದೆ. ಮನುಷ್ಯ ಬಂದು ನೋಡಿ ಬಟನ್ ಒತ್ತುವ ತನಕ ಏಳುವುದಿಲ್ಲ. ಸ್ಟಾರ್ಟರ್ ಬಿದ್ದಾಗ ತೋಟಕ್ಕೆ ಹೋಗಿ ಹಸಿರು ಬಟನ್ ಒತ್ತಬೇಕಲ್ಲ, ಅದೇ ತರ.

ತಂಗಿ ಮಗಳಿಗೆ ಹೇಳಿದ್ದು ಇಷ್ಟು. ಕೂಗಿದ ಕೂಡಲೇ ಕ್ಲಿಯರ್ ಒತ್ತಬೇಡ. ಮೊದಲು ಯಾವ ಹೆಸರು ಬಂದಿದೆ ಓದು, ಬೋರ್ಡಿನ ತಂತಿ ಬಿಚ್ಚು, ಆಮೇಲೆ ಕ್ಲಿಯರ್ ಮಾಡು. ಬೋರ್ಡಿಲ್ಲದೆಯೂ ಟ್ರಿಪ್ ಆದರೆ ಸಪ್ಲೈ ಅಥವಾ ಸೆಟ್ಟಿಂಗ್ ಕಡೆ ನೋಡು. ಆಗದಿದ್ದರೆ ಬೋರ್ಡಿನ ಕಡೆ ನೋಡು.

## ಕೊನೆಗೆ ಆ ಓಟಿಪಿ

ಇದು ಬ್ಯಾಂಕಿನದಲ್ಲ. ಓವರ್ ಟೆಂಪರೇಚರ್ ಪ್ರೊಟೆಕ್ಷನ್. ಥರ್ಮಿಸ್ಟರ್ ಬಿಸಿ ಹೇಳುತ್ತದೆ, ಮೊದಲು ಫ್ಯಾನ್ ಜೋರಾಗುತ್ತದೆ, ಅದಕ್ಕೂ ಬಗ್ಗದಿದ್ದರೆ ಕಟ್. ತಣ್ಣಗಾಗುವ ತನಕ ಎಷ್ಟು ಒತ್ತಿದರೂ ಏಳುವುದಿಲ್ಲ.

ಹೋದ ಏಪ್ರಿಲ್‌ನಲ್ಲಿ ನನ್ನ 60 ವೋಲ್ಟ್ ಸಪ್ಲೈ ದಿನಾ ಮಧ್ಯಾಹ್ನ ಎರಡು ಗಂಟೆ ಸುಮಾರಿಗೆ ಓಟಿಪಿ ಎಂದು ಕೂಗುತ್ತಿತ್ತು. ಅಂಗಡಿಗೆ ಶೀಟಿನ ಮಾಡು, ಬಿಸಿಲು ಹಾಗಿತ್ತು. ಥರ್ಮಿಸ್ಟರ್ ಕೆಟ್ಟಿದೆ ಎಂದುಕೊಂಡು ಬಿಚ್ಚಿ ಅಳೆದೆ, ಸರಿ ಇತ್ತು. ಫ್ಯಾನ್ ಬದಲಾಯಿಸಿದೆ, ಮತ್ತೆ ಕೂಗಿತು. ಮೂರನೇ ದಿನ ಕೈ ಹಿಂದೆ ಹಾಕಿ ತಡಕಿದಾಗ ಗೊತ್ತಾಯಿತು. ಟೇಬಲ್ ಮೇಲೆ ಜಾಗ ಸಾಲದೆಂದು ನಾನೇ ಡಬ್ಬವನ್ನು ಗೋಡೆಗೆ ಒತ್ತಿ ಇಟ್ಟಿದ್ದೆ. ಬಿಸಿ ಗಾಳಿ ಹೊರಗೆ ಹೋಗುವ ಜಾಲರಿ ಸುಣ್ಣದ ಗೋಡೆಗೆ ಅಂಟಿಕೊಂಡಿತ್ತು. ನಾಲ್ಕು ಬೆರಳಿನಷ್ಟು ಮುಂದಕ್ಕೆ ಎಳೆದೆ. ಅವತ್ತಿನಿಂದ ಕೂಗಿಲ್ಲ. ಬಿಚ್ಚಿದ ಹಳೇ ಫ್ಯಾನ್ ಇನ್ನೂ ಡ್ರಾಯರಿನಲ್ಲಿದೆ, ಚೆನ್ನಾಗಿಯೇ ಓಡುತ್ತದೆ.